ಸುವ್ವಿ ಯಾವ ಭಾಷೆ?

ಹಿಂದೂಪುರದ ಮದುವೆಗಳಲ್ಲಿ ಈಗ ಹಸೆಮಣೆ ಪಕ್ಕ ಸ್ಪೀಕರ್ ಹಾಡುತ್ತೆ, ಹೆಂಗಸರು ಫೋಟೋಗೆ ನಿಲ್ಲುತ್ತಾರೆ. ಆದರೆ ಮಡಕಶಿರಾ, ಮಧುಗಿರಿ ಕಡೆಯ ನಾಲ್ಕು ಜನ ಅಜ್ಜಿಯರು ಒಂದು ಮೂಲೆಯಲ್ಲಿ ಸೇರಿಬಿಟ್ಟರೆ ಕಥೆಯೇ ಬೇರೆ. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ, ಸೋಬಾನೆ ಶುರು!

ನೀವು ಗಮನವಿಟ್ಟು ಕೇಳಿದ್ದೀರಾ? ಇಬ್ಬರು ಸೊಲ್ಲು ಎತ್ತುತ್ತಾರೆ, ಇನ್ನಿಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಮೊದಲಿನವರು ಕೊನೆಯ ಅಕ್ಷರ ಎಳೆಯುತ್ತಿರುವಾಗಲೇ ಎರಡನೆಯವರು ಹಿಡಿದುಬಿಡುತ್ತಾರೆ. ಹಾಡುವವರಿಗೆ ಉಸಿರಾಡಲು ಬಿಡುವುಂಟು, ಹಾಡಿಗೆ ಬಿಡುವಿಲ್ಲ. ಆ ಬಿಡುವಿನಲ್ಲೇ ಮುಂದಿನ ಸಾಲು ನೆನಪಾಗಬೇಕು. ನೆನಪಾಗದಿದ್ದರೆ ಬೀಗರ ಹೆಸರು ಸೇರಿಸಿ ಅಲ್ಲೇ ಕಟ್ಟಬೇಕು.

ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 'ಜ್ಯಾಪ್ ಮಾಮಾ' ಅಂತ ಹೆಂಗಸರ ತಂಡ ಶುರುವಾಗಿದ್ದು 1990ರಲ್ಲಿ. ಕಟ್ಟಿದವರು ಕಾಂಗೋದಲ್ಲಿ ಹುಟ್ಟಿದ ಮರಿ ಡೋನ್. ಆಫ್ರಿಕಾದ ಕಾಡಿನ ಜನರ ಹಾಡುಗಾರಿಕೆಯನ್ನು ಬರೀ ಗಂಟಲು, ಉಸಿರು, ಬಾಯಿಯ ಸದ್ದುಗಳಲ್ಲಿ ಕೂಡಿಸಿದರು. ಅದು ಪ್ರಯೋಗ ಅಂತ ಹೆಸರಾಯಿತು. ನಮ್ಮ ಒನಕೆ ಪದದ 'ಸುವ್ವಿ' ಏನು ಹಾಗಾದರೆ? ಒನಕೆ ಬೀಳುವಾಗ ಎದೆಯಿಂದ ಹೊರಡುವ ಉಸಿರೇ ತಾನೆ ಅದು! ತೆಲುಗಿನ ದಂಪುಳ್ಳ ಪಾಟಗಳಲ್ಲೂ 'ಸುವ್ವಿ'ಯೇ. ಅದು ಕನ್ನಡವೋ ತೆಲುಗೋ ಅಂತ ಯಾವ ಗಡಿಯೂ ಹೇಳಲಾರದು.

ಕಲ್ಯಾಣದುರ್ಗದಿಂದ ಪಶ್ಚಿಮಕ್ಕೆ ಗಡಿ ದಾಟಿದರೆ ಚಳ್ಳಕೆರೆ ತಾಲ್ಲೂಕು, ಸಿರಿಯಜ್ಜಿಯ ಸೀಮೆ. ಅಕ್ಷರ ಕಲಿಯದ ಆ ಕಾಡುಗೊಲ್ಲರ ಹೆಣ್ಣುಮಗಳಿಗೆ ಸಾವಿರಾರು ಪದ ಬಾಯಲ್ಲೇ ಇದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಕೃಷ್ಣಮೂರ್ತಿ ಹನೂರರು ಕೂತು ಬರೆದುಕೊಂಡರು. ಗಡಿಯ ಈಚೆ ಹಾಗೆ ಕೂತು ಬರೆದುಕೊಳ್ಳುವವರು ಯಾರು?

ನಾನೇ ಒಮ್ಮೆ ಮಕ್ಕಳಿಗೆ, "ಮನೆಯಲ್ಲಿ ಕೇಳಿ ಒಂದೊಂದು ಪದ ಬರೆದು ತನ್ನಿ" ಅಂದಿದ್ದೆ. ಕಲ್ಯಾಣದುರ್ಗದ ಕಡೆಯ ಹುಡುಗಿ ತಂದ ಹಾಳೆಯನ್ನು ಓದಲು ಹೊರಟವನು ಒಂದು ಕ್ಷಣ ನಿಂತುಬಿಟ್ಟೆ. ಅವಳ ತಾಯಿ ಬರೆದುಕೊಟ್ಟದ್ದು. ಹಾಡು ಅಚ್ಚ ಕನ್ನಡ, ಅಕ್ಷರ ತೆಲುಗು! ತಾಯಿ ಓದಿದ್ದು ತೆಲುಗು ಮೀಡಿಯಮ್ಮಿನಲ್ಲಿ, ಇನ್ನೇನು ಮಾಡಿಯಾರು ಪಾಪ.

ವಾರ್ಷಿಕೋತ್ಸವಕ್ಕೆ ಅದನ್ನೇ ಆರಿಸಿದೆವು. ಟ್ರ್ಯಾಕ್ ಬೇಡ ಅಂತ ನಾನು ಹಟ ಹಿಡಿದೆ. ಎಂಟು ಹುಡುಗಿಯರು ಕನ್ನಡದಲ್ಲಿ ಬರೆದುಕೊಂಡು, ಎರಡೇ ದಿನಕ್ಕೆ ಬಾಯಿಪಾಠ ಮಾಡಿದರು. ಆದರೆ ಹಾಡಿದರೆ ಪ್ರತಿ ಸಾಲಿನ ಕೊನೆಗೂ ಒಂದು ಗುಂಡಿ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಮರ್ಯಾದೆಯಿಂದ ಕಾಯುತ್ತಾರೆ! ಉಸಿರು ಎಲ್ಲಿ ತಗೋಬೇಕು ಅಂತ ಹಾಳೆಯಲ್ಲಿ ಬರೆದಿಲ್ಲವಲ್ಲ...

"ನಮ್ಮಜ್ಜಿನ ಕರ್ಕೊಂಡು ಬರ್ಲಾ ಸಾರ್?" ಅಂದಳು ಆ ಹುಡುಗಿ. ಶನಿವಾರ ಬರುತ್ತಾರಂತೆ.