ಸೊಲ್ಲು ಹಿಡಿಯುವವರು

ಸೋಬಾನೆ ಪದ ಒಬ್ಬರೇ ಕೂತು ಹಾಡುವಂಥದ್ದಲ್ಲ. ಒಬ್ಬರು ಹೇಳಿಕೊಡಬೇಕು, ಇನ್ನೊಬ್ಬರು ಸೊಲ್ಲು ಹಿಡಿಯಬೇಕು. ಹೇಳಿಕೊಡುವವರಿಗೆ ಪದ ಬಾಯಿಗೆ ಬಂದರೆ ಸಾಕು. ಸೊಲ್ಲು ಹಿಡಿಯುವವರಿಗೆ ಅವರ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಎಳೆಯುತ್ತದೆ ಎಂಬುದೂ ತಿಳಿದಿರಬೇಕು. ಮದುವೆಮನೆಯಲ್ಲಿ ಹೊಗಳಿಕೆಯೆಲ್ಲ ಹೇಳಿಕೊಟ್ಟವರಿಗೇ. ಹಸೆಯ ಮುಂದೆ ನಾಲ್ಕು ಸಲ ಕೂತೆದ್ದ ಹೆಂಗಸರಿಗೆ ಮಾತ್ರ ಗೊತ್ತು, ಹೆಚ್ಚು ಕಷ್ಟ ಯಾರದೆಂದು.

ನಮ್ಮತ್ತೆ ಹೇಳಿಕೊಡುವವರು. ಅವರ ತಂಗಿ, ನಮ್ಮ ಚಿಕ್ಕತ್ತೆ, ಸೊಲ್ಲು ಹಿಡಿಯುವವರು. ಇಬ್ಬರೂ ಹುಟ್ಟಿದ್ದು ಹಳೇಬೀಡಿನ ಪಕ್ಕದ ಹಳ್ಳಿಯಲ್ಲಿ. ಹೊಯ್ಸಳೇಶ್ವರ ಗುಡಿಯ ಗೋಡೆಯ ಮೇಲೆ ಮದ್ದಳೆ, ಕೊಳಲು, ತಾಳ ಹಿಡಿದು ನಿಂತಿರುವ ಆ ಕಲ್ಲಿನ ಮೇಳದ ಕೆಳಗೇ ಆಡಿ ಬೆಳೆದವರು. ಅಕ್ಕನನ್ನು ಅರಸೀಕೆರೆಗೆ ಕೊಟ್ಟರು, ತಂಗಿಯನ್ನು ಬೇಲೂರಿಗೆ. ಜಾವಗಲ್, ಹಳೇಬೀಡು ದಾಟಿ ಬಸ್ಸಿನಲ್ಲಿ ಹೋಗಿಬರುವ ದಾರಿ ಒಂದು ಕಾಲಕ್ಕೆ ಇಬ್ಬರಿಗೂ ದೂರವೆನಿಸಿರಲಿಲ್ಲ. ಈಗ ಅತ್ತೆಗೆ ಮಂಡಿನೋವು, ಚಿಕ್ಕತ್ತೆಗೆ ಬಸ್ಸು ಹತ್ತಿದರೆ ತಲೆಸುತ್ತು. ಇಬ್ಬರೂ ಒಟ್ಟಿಗೆ ಹಾಡಿ ಆರು ವರ್ಷವಾಗಿತ್ತು.

ಕಂಪ್ಯೂಟರಿನಲ್ಲಿ ಸಂಗೀತ ಜೋಡಿಸುವ ಹುಚ್ಚು ನನ್ನ ಮಗನಿಗೆ. 'ಅಜ್ಜಿಯನ್ನು ಇಲ್ಲಿ ಹಾಡಿಸುತ್ತೇನೆ, ಚಿಕ್ಕಜ್ಜಿಯನ್ನು ಬೇಲೂರಿನಲ್ಲಿ ಹಾಡಿಸುತ್ತೇನೆ, ಆಮೇಲೆ ಎರಡನ್ನೂ ಕೂಡಿಸುತ್ತೇನೆ' ಎಂದ. ಕೇಳಲು ಸುಲಭವಾಗಿಯೇ ಇತ್ತು. ಅತ್ತೆ ಪ್ರತಿ ಸಾಲು ಹೇಳಿ, ತಂಗಿಗೆಂದು ಜಾಗ ಬಿಟ್ಟು, ಒಳಗೊಳಗೇ ಅವಳ ಸೊಲ್ಲನ್ನು ಗುನುಗಿಕೊಂಡು, ಮುಂದಿನ ಸಾಲು ಎತ್ತಿಕೊಂಡರು. ಅರಸೀಕೆರೆ ಜಂಕ್ಷನ್ ಊರು. ನಡುರಾತ್ರಿಗೆ ಕಾದು ಕೂತರೂ ಮೂರನೆಯ ಹಾಡಿನಲ್ಲಿ ಒಂದು ರೈಲು ಕೂಗಿಯೇ ಬಿಟ್ಟಿತು.

ಮುಂದಿನ ಭಾನುವಾರ ಮಗ ಬೇಲೂರಿಗೆ ಹೋಗಿ, ಚಿಕ್ಕಜ್ಜಿಯ ಕಿವಿಗೆ ತನ್ನ ವೈರಿಲ್ಲದ ಇಯರ್‌ಫೋನ್ ಸಿಕ್ಕಿಸಿ, ಅಕ್ಕನ ಹಾಡು ಕೇಳಿಸಿ, ಸೊಲ್ಲು ಹಿಡಿಸಿಕೊಂಡು ಬಂದ. ಮನೆಗೆ ಬಂದು ಎರಡನ್ನೂ ಒಟ್ಟಿಗೆ ಹಾಕಿದರೆ, ಚಿಕ್ಕತ್ತೆ ಪ್ರತಿ ಸಾಲಿಗೂ ಒಂದು ಗುಕ್ಕು ಹಿಂದೆ. ಬಹಳವಲ್ಲ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟೂ ಅಲ್ಲ. ಆದರೆ ಹಾಡು ಕುಂಟುತ್ತಿತ್ತು.

'ಚಿಕ್ಕಜ್ಜಿಗೆ ವಯಸ್ಸಾಯಿತು, ಕಿವಿ ಮಂದ' ಎಂದ ಮಗ. ಅತ್ತೆ ಸುಮ್ಮನಿರಲಿಲ್ಲ. 'ನನ್ ತಂಗಿ ಯಾವತ್ತೂ ಸೊಲ್ಲು ತಪ್ಪಿದೋಳಲ್ಲ ಕಣೋ. ನಿನ್ ಮಿಷನ್ನೇ ಏನೋ ತಪ್ಪಿರಬೇಕು ನೋಡು' ಎಂದರು. ಆ ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಎಪ್ಪತ್ತು ದಾಟಿದ ತಂಗಿಗೆ ಇದು ಗೊತ್ತಾದರೆ ಇನ್ನು ಅವಳು ಬಾಯಿ ತೆರೆಯುವುದಿಲ್ಲ ಎಂಬುದು ಅವರ ಚಿಂತೆ. ನನ್ನ ಚಿಂತೆಯೂ ಅದೇ ಆಗಿತ್ತು.

ಮಿಷನ್ನೇ ತಪ್ಪಿತ್ತು. ಮಗ ಮರುದಿನ ಒಂದು ಪರೀಕ್ಷೆ ಮಾಡಿದ. ಇಯರ್‌ಫೋನನ್ನು ಮೈಕಿನ ಬಾಯಿಗೇ ಒತ್ತಿ ಹಿಡಿದು, ಕಂಪ್ಯೂಟರಿನಿಂದ 'ಟಿಕ್' ಎಂದು ಒಂದು ಸದ್ದು ಹೊರಡಿಸಿ, ಅದನ್ನೇ ಮತ್ತೆ ರೆಕಾರ್ಡ್ ಮಾಡಿದ. ಹೊರಟ ಟಿಕ್ಕಿಗೂ ಮರಳಿ ಬಂದ ಟಿಕ್ಕಿಗೂ ನಡುವೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಅಂತರ. ವೈರಿಲ್ಲದ ಇಯರ್‌ಫೋನು ಸದ್ದನ್ನು ಮೊದಲು ಗಂಟು ಕಟ್ಟಿ ಗಾಳಿಯಲ್ಲಿ ಕಳಿಸುತ್ತದೆ, ಆ ಕಡೆ ಬಿಚ್ಚಿ ಕೇಳಿಸುತ್ತದೆ. ತಡವಾಗುವುದು ಅಲ್ಲಿ. ಹಳೆಯ ಕಾಲದ ವೈರಿನ ಇಯರ್‌ಫೋನ್ ಹಾಕಿ ನೋಡಿದರೆ ಅಂತರ ಹೆಚ್ಚುಕಡಿಮೆ ಮಾಯ. ಅಂದರೆ ಅಕ್ಕನ ದನಿ ತಂಗಿಯ ಕಿವಿಗೆ ತಲುಪಿದ್ದೇ ತಡವಾಗಿ. ತಲುಪಿದ ಗಳಿಗೆಗೆ ಸರಿಯಾಗಿಯೇ ಚಿಕ್ಕತ್ತೆ ಹಿಡಿದಿದ್ದರು. ಅವರ ಹಾಡನ್ನೆಲ್ಲ ಅಷ್ಟೇ ಅಳತೆ ಮುಂದಕ್ಕೆ ಜರುಗಿಸಿದ ಮೇಲೆ ಹನ್ನೊಂದು ಹಾಡುಗಳಲ್ಲಿ ಒಂದು ಕಡೆಯೂ ತಪ್ಪಿಲ್ಲ. ಅತ್ತೆ ಏನೂ ಹೇಳಲಿಲ್ಲ, ಮೊಮ್ಮಗನಿಗೆ ಎರಡು ಕೋಡುಬಳೆ ಹೆಚ್ಚಿಗೆ ಹಾಕಿದರು.

ಯಂತ್ರಗಳನ್ನು ಒಂದು ತಾಳಕ್ಕೆ ತರುವುದು ಓರಗಿತ್ತಿಯರನ್ನು ಒಂದು ಅಡುಗೆಮನೆಗೆ ತಂದಂತೆ. ಒಂದೊಂದಕ್ಕೂ ತನ್ನದೇ ಗಡಿಯಾರ. ಚಿಕ್ಕತ್ತೆ ಹಾಡುವುದನ್ನು ಮಗ ಫೋನಿನಲ್ಲಿ ವಿಡಿಯೋ ಕೂಡ ತೆಗೆದಿದ್ದ. ಹಾಡಿನ ಮೊದಲು ಒಮ್ಮೆ, ಕೊನೆಗೆ ಒಮ್ಮೆ ಚಪ್ಪಾಳೆ ತಟ್ಟಿಸಿದ್ದು ಬುದ್ಧಿವಂತಿಕೆ. ವಿಡಿಯೋದ ಚಪ್ಪಾಳೆಗೂ ಕಂಪ್ಯೂಟರಿನ ಚಪ್ಪಾಳೆಗೂ ತಾಳೆ ಹಾಕಿದರೆ ಎರಡೂ ಕೂಡಿಕೊಳ್ಳುತ್ತವೆ. ಆದರೆ ಮೊದಲ ಚಪ್ಪಾಳೆ ಸರಿಹೋದರೂ, ನಿಲ್ಲಿಸದೆ ತೆಗೆದ ಮುಕ್ಕಾಲು ಗಂಟೆಯ ಕೊನೆಯ ಚಪ್ಪಾಳೆ ಕೂದಲೆಳೆಯಷ್ಟು ಆಚೀಚೆಯಾಗಿತ್ತು. ಎರಡರೊಳಗಿನ ಗಡಿಯಾರದ ಹರಳುಗಳು ಒಂದೇ ವೇಗದಲ್ಲಿ ಮಿಡಿಯುವುದಿಲ್ಲವಂತೆ. 1906ರಲ್ಲಿ ಇಡೀ ದೇಶಕ್ಕೆ ಒಂದೇ ಸಮಯ ಬರುವ ಮೊದಲು ಊರಿಗೊಂದು ಗಂಟೆ, ರೈಲಿಗೆ ಮದರಾಸಿನ ಗಂಟೆ ಇದ್ದಂತೆಯೇ ಇದೂ. ಯಾವುದಾದರೂ ಒಂದನ್ನು ಯಜಮಾನನೆಂದು ಒಪ್ಪಿಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಬೇಕು. ಇನ್ನೊಂದು ತೊಡಕೂ ಉಂಟು. ಸಿ.ಡಿ.ಯ ಲೆಕ್ಕದಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ, ವಿಡಿಯೋದ ಲೆಕ್ಕದಲ್ಲಿ 48,000 ಸಲ. ಒಂದರ ಲೆಕ್ಕದ್ದನ್ನು ಪರಿವರ್ತಿಸದೆ ಇನ್ನೊಂದರ ಲೆಕ್ಕದಲ್ಲಿ ಓಡಿಸಿದರೆ ಶ್ರುತಿಯೇ ಬದಲಾಗುತ್ತದೆ. ಮಗ ತಮಾಷೆಗೆ ಹಾಗೆ ಓಡಿಸಿ ತೋರಿಸಿದ. ಚಿಕ್ಕತ್ತೆ ಹದಿನಾರರ ಹುಡುಗಿಯಾಗಿಬಿಟ್ಟರು. ಅತ್ತೆಗೆ ಅದು ಇಷ್ಟವಾದದ್ದು ನನಗೆ ಆಶ್ಚರ್ಯ.

ನಮಗಿಬ್ಬರಿಗೂ ಜಗಳವಾದದ್ದು ತಾಳದ ವಿಷಯಕ್ಕೆ. ಸಾಫ್ಟ್‌ವೇರಿನಲ್ಲಿ ಸಮವಾಗಿ ಗೆರೆ ಎಳೆದ ಒಂದು ಜಾಲರಿ ಇದೆ. ಹಾಡನ್ನು ಅದಕ್ಕೆ ಅಂಟಿಸಿದರೆ ಪ್ರತಿ ಅಕ್ಷರವೂ ಗೆರೆಯ ಮೇಲೇ ಬೀಳುತ್ತದೆ. ಒಂದು ಹಾಡಿಗೆ ಹಾಗೆ ಮಾಡಿ ಕೇಳಿಸಿದ. ಲೋಪವೇನೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಹೆಣ್ಣು ಒಪ್ಪಿಸುವ ಪದದಲ್ಲಿ ಅವರು ಎಳೆಯುವ ಉಸಿರನ್ನು ಗೆರೆ ಕತ್ತರಿಸಿ ಹಾಕಿತ್ತು. ಕುಣಿತದ ಹಾಡಿಗೆ, ಸಿನಿಮಾ ಹಾಡಿಗೆ ಆ ಜಾಲರಿ ಬೇಕಾಗಬಹುದು. ಇಲ್ಲಿ ಅದು ಬೇಡವೆಂದು ನಾನು ಖಡಾಖಂಡಿತವಾಗಿ ಹೇಳಿದೆ. ಒಂದು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ತೆಗೆದ.

ಎಲ್ಲ ಕೂಡಿದ ಮೇಲೆ ಹೊರತೆಗೆಯುವ ಕೆಲಸ. ಕಂಪ್ಯೂಟರಿನೊಳಗೆ ಇರುವವರೆಗೆ ಇಬ್ಬರ ದನಿಯೂ ಬೇರೆಬೇರೆ ಪಟ್ಟಿಯಲ್ಲಿರುತ್ತವೆ, ಬೇಕಾದ್ದನ್ನು ಏರಿಸಬಹುದು, ಇಳಿಸಬಹುದು. ಕೂಡಿಸಿ ಒಂದೇ ಫೈಲಾಗಿ ಹೊರಗೆ ತಂದರೆ ಅದು ರುಬ್ಬಿದ ಚಟ್ನಿ. ಈಗ ಬೇರ್ಪಡಿಸುವ ಉಪಾಯಗಳು ಬಂದಿವೆ, ಆದರೆ ತೆಂಗಿನಕಾಯಿ ತೆಂಗಿನಕಾಯಾಗಿಯೇ ಮರಳಿ ಬರುವುದಿಲ್ಲ. ಹಾಗಾಗಿ ಮೂರು ಬಗೆಯಲ್ಲಿ ತೆಗೆಸಿದೆ: ಕೂಡಿದ್ದು, ಅತ್ತೆಯದಷ್ಟೇ, ಚಿಕ್ಕತ್ತೆಯದಷ್ಟೇ. ಮೂರೂ ಸೊನ್ನೆಯಿಂದಲೇ ಶುರುವಾಗಬೇಕು, ಚಿಕ್ಕತ್ತೆಯದರ ಮೊದಲಲ್ಲಿ ಬರೀ ಮೌನವಿದ್ದರೂ ಅದನ್ನು ಕತ್ತರಿಸಕೂಡದು. ಕತ್ತರಿಸಿದರೆ ಮುಂದೆ ಯಾರಾದರೂ ಕೂಡಿಸಲು ಕೂತಾಗ ಎಲ್ಲಿಂದ ಜೋಡಿಸುವುದೆಂದು ತಿಳಿಯುವುದಿಲ್ಲ. ಮನೆಯಲ್ಲಿಡುವ ಪ್ರತಿ 'ವೇವ್' ಫೈಲು, ನಿಮಿಷಕ್ಕೆ ಸುಮಾರು 10 ಎಂ.ಬಿ. ಹಂಚುವುದು 'ಎಂಪಿ3', ನಿಮಿಷಕ್ಕೆ ಸುಮಾರು 1 ಎಂ.ಬಿ. ಕಿವಿಗೆ ಸುಲಭಕ್ಕೆ ತಿಳಿಯದ್ದನ್ನು ಬಿಟ್ಟು ಬಿಟ್ಟು ಚಿಕ್ಕದು ಮಾಡಿದ ಪ್ರತಿ ಅದು. ನಾದಿನಿಯರಿಗೆ ಅದು ಸಾಕು, ಮೊಮ್ಮಕ್ಕಳಿಗೆ ಮೊದಲಿನದೇ ಇರಲಿ.

ರೈಲಿನ ಕೂಗನ್ನೂ, ಬೇಲೂರಿನ ಹಾಡೊಂದರಲ್ಲಿ ಸೇರಿಕೊಂಡ ಗುಡಿಯ ಗಂಟೆಯನ್ನೂ ಅಳಿಸಬಹುದು ಎಂದ ಮಗ. ಇರಲಿ ಬಿಡು ಎಂದೆ.

ಕೂಡಿಸಿದ ಹಾಡುಗಳನ್ನು ಬೇಲೂರಿನಲ್ಲಿ ದಿನಾ ಹಾಕುತ್ತಾರಂತೆ. ಅತ್ತೆ ಮಾತ್ರ ಹೆಚ್ಚಾಗಿ ಕೇಳುವುದು ಚಿಕ್ಕತ್ತೆಯೊಬ್ಬರದೇ ಇರುವ ಫೈಲನ್ನು. ಮಧ್ಯಾಹ್ನ ಅಕ್ಕಿ ಆರಿಸುತ್ತಾ ಫೋನನ್ನು ಮೊರದ ಪಕ್ಕ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಒಂದು ಸೊಲ್ಲು, ಆಮೇಲೆ ಮೌನ, ಮತ್ತೊಂದು ಸೊಲ್ಲು. ಮೌನ ಬಂದಾಗಲೆಲ್ಲ ಅತ್ತೆ ಪದ ಎತ್ತಿಕೊಳ್ಳುತ್ತಾರೆ.