ಮಾರ್ಕೋನಹಳ್ಳಿಯ ದಾರಿಯಲ್ಲಿ ಒಂದು ಕುದುರೆ

ಬೆಂಗಳೂರಿನಿಂದ ಮಾರ್ಕೋನಹಳ್ಳಿಯ ಜಲಾಶಯವನ್ನು ನೋಡಲು ಹೊರಟವರಿಗೆ ಕುಣಿಗಲ್ಲು ದಾರಿಯ ಊರು. ಜನಪದರು ಹಾಡಿ ಹೊಗಳಿದ ಕೆರೆ ಇಲ್ಲಿಯದು. ಹೆಸರಾದ ಕುದುರೆಗಳೂ ಇಲ್ಲಿಯವೇ. ಟಿಪ್ಪೂ ಸುಲ್ತಾನನ ಅಶ್ವದಳಕ್ಕೆಂದು ಇಲ್ಲಿ ಕುದುರೆಗಳನ್ನು ಸಾಕುತ್ತಿದ್ದರು. ಅನಂತರ ಮೈಸೂರು ಅರಸರ ಸೈನ್ಯಕ್ಕೆ. ಇಪ್ಪತ್ತನೆಯ ಶತಮಾನದಲ್ಲಿ ಪಂದ್ಯದ ಮೈದಾನಕ್ಕೆ. ಒಡೆಯರು ಬದಲಾದರೂ ಕುದುರೆಯಿಂದ ಬಯಸಿದ್ದು ಮಾತ್ರ ವೇಗವನ್ನೇ.

ಮುಂದೆ ತೋಂಟದ ಸಿದ್ಧಲಿಂಗ ಯತಿಗಳ ಎಡೆಯೂರು. ಅಲ್ಲಿಂದ ತುಸು ದೂರದಲ್ಲಿ ಶಿಂಷೆಯ ನೀರು ಕಣ್ಣಿಗೆ ಬೀಳುತ್ತದೆ. ಒಡೆಯರ ಕಾಲದ ಕಟ್ಟೆ. ಕಲ್ಲಿನ ಭಾಗ 139 ಮೀಟರು. ಅದರ ಎರಡು ತೋಳುಗಳಂತೆ ಚಾಚಿದ ಮಣ್ಣಿನ ಏರಿ 1470 ಮೀಟರು. ನೀರು ತನ್ನ ಮಟ್ಟವನ್ನು ಮೀರಿದೊಡನೆ ಸೈಫನ್ನುಗಳು ತಾವಾಗಿ ಹರಿಯತೊಡಗುತ್ತವೆ; ಬಾಗಿಲೆತ್ತುವ ಕೈ ಬೇಡ. ಮಕ್ಕಳು ಏರಿಯ ಮೇಲೆ ಓಡುತ್ತಾರೆ, ಹಿರಿಯರು ಬುತ್ತಿ ಬಿಚ್ಚುತ್ತಾರೆ. ಇಂಥ ಸಂಸಾರಗಳಲ್ಲಿ ಒಮ್ಮೊಮ್ಮೆ ಕಾರಿನಿಂದಿಳಿಯದೆ ಉಳಿಯುವವನೊಬ್ಬನಿರುತ್ತಾನೆ: ಹುಟ್ಟಿನಿಂದಲೇ ಕಾಲು ಸ್ವಾಧೀನವಿಲ್ಲದ ಬಾಲಕ, ಇಲ್ಲವೆ ಬೆನ್ನುಹುರಿಗೆ ಪೆಟ್ಟು ಬಿದ್ದ ತರುಣ. ಅವನ ಪಾಲಿಗೆ ಜಲಾಶಯವೆಂಬುದು ಕಾರಿನ ಕಿಟಕಿಯಷ್ಟೇ ಅಗಲ.

ದಾರಿಯಲ್ಲಿ ಬಿಟ್ಟುಬಂದ ಕುದುರೆ ಮತ್ತೆ ನೆನಪಾಗುವುದು ಆಗ. ಡೆನ್ಮಾರ್ಕಿನ ಅಶ್ವಾರೋಹಿ ಲಿಸ್ ಹಾರ್ಟೆಲ್ ಎಂಬಾಕೆಗೆ 1944ರಲ್ಲಿ, ಗರ್ಭಿಣಿಯಾಗಿದ್ದಾಗ, ಪೋಲಿಯೊ ತಗುಲಿತು. ಮೊಣಕಾಲಿನ ಕೆಳಗೆ ಬಲ ಮರಳಲೇ ಇಲ್ಲ. ಕುದುರೆಯ ಮೇಲೆ ಹತ್ತಿಸಲು, ಇಳಿಸಲು ಬೇರೆಯವರೇ ಬೇಕಾಯಿತು. ಆದರೂ ಜ್ಯೂಬಿಲಿ ಎಂಬ ಹೆಣ್ಣುಕುದುರೆಯ ಮೇಲೆ ಕುಳಿತು, 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಗಂಡಸರೊಡನೆ ಸ್ಪರ್ಧಿಸಿ ಆಕೆ ಬೆಳ್ಳಿಯ ಪದಕ ಪಡೆದಳು, 1956ರಲ್ಲಿ ಮತ್ತೊಮ್ಮೆ.

ಆ ಬಳಿಕ ಹಲವು ದೇಶಗಳಲ್ಲಿ ಅಂಗವಿಕಲರ ಸವಾರಿಗೆಂದೇ ಕುದುರೆಗಳನ್ನು ಪಳಗಿಸತೊಡಗಿದರು. ಇದರ ಮರ್ಮವಿರುವುದು ಕುದುರೆಯ ನಿಧಾನವಾದ ನಡಿಗೆಯಲ್ಲಿ. ಅದು ಹೆಜ್ಜೆಯಿಡುವಾಗ ಸವಾರನ ಸೊಂಟ ಮುಂದಕ್ಕೂ ಪಕ್ಕಕ್ಕೂ ಮೇಲಕ್ಕೂ ಆಡುತ್ತದೆ. ಮನುಷ್ಯ ತಾನೇ ನಡೆದಾಗ ಆಡುವುದೂ ಹೆಚ್ಚುಕಡಿಮೆ ಹೀಗೆಯೇ. ಎಂದೂ ನಡೆಯದ ಮಗುವಿನ ಮೈಗೆ ನಡಿಗೆಯ ಲಯ ಪರಿಚಯವಾಗುವುದು ಹೀಗೆ. ಕುದುರೆಯ ಮೈಶಾಖಕ್ಕೆ ಬಿಗಿದ ತೊಡೆ ತುಸು ಸಡಿಲುತ್ತದೆ; ಬೀಳದಿರಲು ಬೆನ್ನು ತಾನೇ ನೆಟ್ಟಗಾಗಲು ಹೆಣಗುತ್ತದೆ. ಲಗಾಮು ಹಿಡಿದವನೊಬ್ಬ, ಎರಡು ಮಗ್ಗುಲಲ್ಲಿ ಆಸರೆಗೆ ಇಬ್ಬರು. ಬೇನೆ ವಾಸಿಯಾದೀತೆಂದು ಮಾತ್ರ ಯಾರೂ ಆಸೆ ಹುಟ್ಟಿಸಬಾರದು.

ಇಂಥ ಕುದುರೆ ಕಲಿಯಬೇಕಾದ ಮೊದಲ ವಿದ್ಯೆ ಕದಲದೆ ನಿಲ್ಲುವುದು. ಊರುಗೋಲು ಉರುಳಿದರೆ, ಗಾಲಿಕುರ್ಚಿ ಕಿರ್ರೆಂದರೆ ಬೆದರಬಾರದು. ಮಗು ಕಿರುಚಿ ಜೂಲು ಹಿಡಿದೆಳೆದರೂ ಹೆಜ್ಜೆ ತಪ್ಪಬಾರದು. ಓಟಕ್ಕೆ ಹುಟ್ಟಿದ ಜಾತಿಕುದುರೆಗೆ ಇದು ಕಠಿಣವಾದ ಪಾಠ. ಗುಂಡಿನ ಸದ್ದಿಗೂ ಜಗ್ಗದೆ ನಿಂತ ಹಳೆಯ ಅಶ್ವದಳದ ಕುದುರೆಗಾದರೆ ಸುಲಭವಾಗುತ್ತಿತ್ತೋ ಏನೋ!

ತಲೆಮಾರುಗಳಿಂದ ಕುದುರೆಯ ಸ್ವಭಾವವನ್ನು ಅರಿತ ಸೀಮೆಯಿದು. ಇಲ್ಲಿ ಇಂಥ ನಾಲ್ಕು ಸಾಧುಕುದುರೆಗಳು ಇರಲೆಂದು ಬಯಸುವುದು ದುರಾಸೆಯಾಗಲಾರದು. ಮಾರ್ಕೋನಹಳ್ಳಿಯ ಮಣ್ಣಿನ ಏರಿಯಂತೂ, ಕುದುರೆಯೊಂದು ತನ್ನ ಪುಟ್ಟ ಸವಾರನೊಡನೆ, ಎರಡು ಮಗ್ಗುಲ ಆಸರೆಯವರೊಡನೆ, ನೀರನ್ನು ನೋಡುತ್ತ ನಿಧಾನವಾಗಿ ನಡೆದುಹೋಗುವಷ್ಟು ಅಗಲವಾಗಿಯೇ ಇದೆ.