ಊಟದ ಬಿಡುವಿನ ಕ್ಲಬ್ಬು

ಅಮೆರಿಕದ ಹೈಸ್ಕೂಲುಗಳಲ್ಲಿ ಶಾಲಾ ವರ್ಷ ಶುರುವಾದ ಹೊಸತರಲ್ಲಿ ಕ್ಲಬ್ಬುಗಳ ಸಂತೆ ನೆರೆಯುತ್ತದೆ. ಅಂಗಳದಲ್ಲಿ ಸಾಲು ಮೇಜು, ಮೇಜಿಗೊಂದು ರಟ್ಟಿನ ಫಲಕ, ಹೆಸರು ಬರೆಸಲು ಒಂದು ಹಾಳೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಕ್ಯುಪರ್ಟಿನೊ ಕಡೆ ಕನ್ನಡದ ಮನೆಗಳಿಂದ ಬಂದ ಮಕ್ಕಳೂ ಈ ಸಂತೆಯಲ್ಲಿ ಓಡಾಡುತ್ತಾರೆ. ಚೆಸ್, ರೋಬೋಟಿಕ್ಸ್, ಬೈಬಲ್ ಓದು, ಕಿವಾನಿಸ್ ಸಂಸ್ಥೆಯ ಹೈಸ್ಕೂಲು ಶಾಖೆಯಾದ ಕೀ ಕ್ಲಬ್. ಅದೇ ಸಾಲಿನಲ್ಲಿ ಜಿಎಸ್‌ಎ: ಸಲಿಂಗಿ, ಟ್ರಾನ್ಸ್‌ಜೆಂಡರ್ ಮಕ್ಕಳೂ ಅವರ ಜೊತೆಗಾರರೂ ಸೇರಿ ನಡೆಸುವ ಕ್ಲಬ್ಬು.

ಕೀ ಕ್ಲಬ್ಬಿನವರ ಸೇವೆ ಕಣ್ಣಿಗೆ ಕಾಣುತ್ತದೆ. ಉದ್ಯಾನ ಗುಡಿಸುತ್ತಾರೆ, ದವಸ ಸಂಗ್ರಹಿಸಿ ಹಂಚುತ್ತಾರೆ. ಜಿಎಸ್‌ಎ ಮಾಡುವ ಸೇವೆ ಯಾವುದು? ವಾರಕ್ಕೊಮ್ಮೆ ಊಟದ ಬಿಡುವಿನಲ್ಲಿ ಯಾರೋ ಮೇಷ್ಟರ ಕೋಣೆಯಲ್ಲಿ ಕುರ್ಚಿ ಸುತ್ತಲೂ ಎಳೆದುಕೊಂಡು ಕೂರುತ್ತಾರೆ. ಹೆಸರು ಹೇಳಿಕೊಳ್ಳುತ್ತಾರೆ, ಡಬ್ಬಿ ಬಿಚ್ಚುತ್ತಾರೆ, ಮಾತಾಡುತ್ತಾರೆ. ಒಂದೂ ಮಾತಾಡದೆ ಉಂಡು ಎದ್ದು ಹೋಗುವವರೂ ಇರುತ್ತಾರೆ. ನೀನು ಯಾವ ಪೈಕಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಗಂಟೆ ಹೊಡೆಯುತ್ತದೆ, ಗಣಿತದ ತರಗತಿಗೆ ಹೋಗುತ್ತಾರೆ. ಇಷ್ಟೇ ಆದರೆ ಇದಕ್ಕೆ ವರ್ಷಗಟ್ಟಲೆ ಕೋರ್ಟು ಕಚೇರಿ ಯಾಕೆ ಬೇಕಾಯಿತು?

*

ಯಾರನ್ನೂ ಕೇಳುವುದಿಲ್ಲ ಎಂಬ ರೂಢಿಯ ಬೇರು ಹುಡುಕುತ್ತ ಹೋದೆ. 1988, ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಅಕಾಡೆಮಿ. ಅಲ್ಲಿ ಇತಿಹಾಸ ಹೇಳುತ್ತಿದ್ದ ಕೆವಿನ್ ಜೆನ್ನಿಂಗ್ಸ್ ತಾವು ಗೇ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದವರು. ಕ್ಲಬ್ಬು ಮಾಡೋಣ ಎಂದು ಅವರ ಬಳಿ ಬಂದ ವಿದ್ಯಾರ್ಥಿನಿ ಸ್ವತಃ ಸಲಿಂಗಿ ಅಲ್ಲ. ಅವಳ ತಾಯಿ ಲೆಸ್ಬಿಯನ್. ಅಮ್ಮನ ಬಗ್ಗೆ ಆಡುವ ಮಾತು ಕೇಳಿ ಸಾಕಾದ ಮಗಳಿಗೂ ಆ ಕೋಣೆಯಲ್ಲಿ ಕುರ್ಚಿ ಬೇಕಿತ್ತು. ಹಾಗಾಗಿ ಮೊದಲ ದಿನದಿಂದಲೇ ಇದು ‘ಅವರ’ ಕ್ಲಬ್ಬು ಮಾತ್ರ ಆಗಲಿಲ್ಲ. ಒಳಗೆ ಬಂದ ಮಾತ್ರಕ್ಕೆ ಮಗು ತನ್ನ ಗುಟ್ಟು ಬಿಟ್ಟುಕೊಟ್ಟಂತೆ ಆಗದಿರುವುದೇ ಈ ಏರ್ಪಾಟಿನ ಜೀವಾಳ ಎಂದು ನನಗೆ ತೋರುತ್ತದೆ.

ಅದಕ್ಕೂ ನಾಲ್ಕು ವರ್ಷ ಮುಂಚೆ ಲಾಸ್ ಏಂಜಲೀಸ್‌ನ ಫೇರ್‌ಫ್ಯಾಕ್ಸ್ ಹೈಸ್ಕೂಲಿನಲ್ಲಿ ವರ್ಜೀನಿಯಾ ಉರೀಬೆ ಎಂಬ ವಿಜ್ಞಾನ ಶಿಕ್ಷಕಿ ‘ಪ್ರಾಜೆಕ್ಟ್ 10’ ಆರಂಭಿಸಿದ್ದರು. ಕಿರುಕುಳ ತಾಳಲಾರದೆ ಒಬ್ಬ ಸಲಿಂಗಿ ಹುಡುಗ ಓದು ಬಿಟ್ಟದ್ದು ಅವರನ್ನು ಕಲಕಿತ್ತು. ಅವರು ಶುರು ಮಾಡಿದ್ದೂ ಊಟದ ಬಿಡುವಿನ ಮಾತುಕತೆಯಿಂದಲೇ.

*

ಕಾನೂನಿನ ಕತೆ ನನ್ನನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿತು. 1984ರಲ್ಲಿ ಅಮೆರಿಕದ ಸಂಸತ್ತು ‘ಈಕ್ವಲ್ ಆಕ್ಸೆಸ್ ಆಕ್ಟ್’ ಮಾಡಿತು. ಒತ್ತಾಯಿಸಿದವರು ಕ್ರೈಸ್ತ ಸಂಘಟನೆಗಳು. ಶಾಲೆಯಲ್ಲಿ ಬೈಬಲ್ ಓದುವ ಮಕ್ಕಳಿಗೆ ಜಾಗ ಸಿಗಲಿ ಎಂಬುದು ಅವರ ಉದ್ದೇಶ. ನಿಯಮ ಸರಳ: ಸರ್ಕಾರಿ ಹೈಸ್ಕೂಲು ಪಠ್ಯಕ್ಕೆ ಸಂಬಂಧಿಸದ ಒಂದೇ ಒಂದು ಕ್ಲಬ್ಬಿಗೆ ಜಾಗ ಕೊಟ್ಟರೂ, ಮಾತಿನ ವಿಷಯ ನೋಡಿ ಬೇರೆ ಕ್ಲಬ್ಬನ್ನು ಹೊರಗಿಡುವಂತಿಲ್ಲ. ನೆಬ್ರಾಸ್ಕದ ಒಮಾಹಾದಲ್ಲಿ ಬೈಬಲ್ ಕ್ಲಬ್ ಕೇಳಿದ ವಿದ್ಯಾರ್ಥಿನಿಯ ಮೊಕದ್ದಮೆ 1990ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು, ಅವಳೇ ಗೆದ್ದಳು. ನಿಮ್ಮಲ್ಲಿ ಆಗಲೇ ಪಠ್ಯೇತರ ಕ್ಲಬ್ಬುಗಳಿವೆಯಲ್ಲ ಎಂದು ಕೋರ್ಟು ಬೊಟ್ಟು ಮಾಡಿದ್ದು ಮೂರರ ಕಡೆಗೆ: ಚೆಸ್ ಕ್ಲಬ್, ನೀರಿನಾಳಕ್ಕೆ ಧುಮುಕುವವರ ಕ್ಲಬ್, ಮತ್ತು ವಿಶೇಷ ಶಿಕ್ಷಣದ ಮಕ್ಕಳಿಗೆ ನೆರವಾಗುತ್ತಿದ್ದ ‘ಪಿಯರ್ ಅಡ್ವೊಕೇಟ್ಸ್’. ಕೊನೆಯದು ಸೇವಾ ಕ್ಲಬ್ಬು. ಇದನ್ನು ಗುರುತು ಹಾಕಿಟ್ಟುಕೊಂಡೆ.

ಆರು ವರ್ಷದ ಮೇಲೆ ಯೂಟಾದ ಸಾಲ್ಟ್ ಲೇಕ್ ಸಿಟಿ. ಈಸ್ಟ್ ಹೈಸ್ಕೂಲಿನ ಮಕ್ಕಳು ಜಿಎಸ್‌ಎ ಬೇಕೆಂದರು. ಬೈಬಲ್ ಕ್ಲಬ್ಬಿಗೆ ಮಾಡಿದ ಕಾನೂನು ಈ ಮಕ್ಕಳಿಗೂ ಅನ್ವಯಿಸುತ್ತಿತ್ತು, ಇವರನ್ನಷ್ಟೇ ತಡೆಯುವಂತಿರಲಿಲ್ಲ. 1996ರ ಫೆಬ್ರವರಿಯಲ್ಲಿ ಶಿಕ್ಷಣ ಮಂಡಳಿ ಪಠ್ಯೇತರ ಕ್ಲಬ್ಬುಗಳನ್ನೆಲ್ಲ ಒಟ್ಟಿಗೇ ನಿಷೇಧಿಸಿತು. ಒಂದು ಕ್ಲಬ್ಬನ್ನು ತಡೆಯಲು ನಲವತ್ತಕ್ಕೂ ಹೆಚ್ಚು ಕ್ಲಬ್ಬುಗಳು ಬಾಗಿಲು ಹಾಕಿದವು. ನೂರಾರು ಮಕ್ಕಳು ತರಗತಿ ಬಿಟ್ಟು ಶಾಸನಸಭೆಯ ಕಟ್ಟಡದವರೆಗೆ ಮೆರವಣಿಗೆ ಹೋದರು. ದೊಡ್ಡವರು ಹೀಗೆ ನಿರ್ಧರಿಸಿದ್ದು ಹೇಗೆ ಎಂದು ಎಷ್ಟು ಯೋಚಿಸಿದರೂ ನನ್ನ ತಲೆಗೆ ಹತ್ತುವುದಿಲ್ಲ. ಕ್ಲಬ್ಬು ಕಳೆದುಕೊಂಡ ಮಿಕ್ಕ ಮಕ್ಕಳ ಸಿಟ್ಟು ಯಾರ ಮೇಲೆ ತಿರುಗಬಹುದೆಂದು ಅವರಿಗೆ ಹೊಳೆಯಲಿಲ್ಲವೇ?

1999ರಲ್ಲಿ ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟಾಗ, ನಿಷೇಧ ಜಾರಿಯಲ್ಲಿದ್ದಾಗಲೂ ಒಂದು ಪಠ್ಯೇತರ ಗುಂಪು 1997-98ರಲ್ಲಿ ಸಭೆ ಸೇರುತ್ತಿತ್ತು, ಆದ್ದರಿಂದ ಆ ವರ್ಷ ಕಾನೂನು ಉಲ್ಲಂಘನೆಯಾಗಿದೆ ಎಂದರು. ಆ ಗುಂಪಿನ ಹೆಸರು ‘ಇಂಪ್ರೂವ್‌ಮೆಂಟ್ ಕೌನ್ಸಿಲ್ ಅಟ್ ಈಸ್ಟ್’. ಹೆಸರೇ ಹೇಳುವಂತೆ ಶಾಲೆಯ ಒಳಿತಿಗೆಂದು ಇದ್ದದ್ದು. ಒಮಾಹಾದಲ್ಲೂ ಇಲ್ಲೂ ಬೀಗದ ಕೈಯಾಗಿ ಒದಗಿದವುಗಳಲ್ಲಿ ಸೇವೆಗೆಂದೇ ಕೂಡಿದ ಒಂದು ಗುಂಪು ಇತ್ತು. 2000ದ ಸೆಪ್ಟೆಂಬರಿನಲ್ಲಿ ಮಂಡಳಿ ಎಲ್ಲ ಕ್ಲಬ್ಬುಗಳಿಗೂ ಮತ್ತೆ ಅವಕಾಶ ಕೊಟ್ಟಿತು. ಕ್ಲಬ್ಬು ಮೊದಲು ಕೇಳಿದ್ದ ಮಕ್ಕಳು ಅಷ್ಟು ಹೊತ್ತಿಗೆ ಹೈಸ್ಕೂಲು ಮುಗಿಸಿ ಹೋಗಿದ್ದರು.

*

ಊರಿನ ಸೇವಾ ಸಂಸ್ಥೆಗಳು ಇಂಥ ಕ್ಲಬ್ಬಿಗೆ ಹೇಗೆ ನೆರವಾಗಬಹುದು? ಈಕ್ವಲ್ ಆಕ್ಸೆಸ್ ಆಕ್ಟ್‌ನಲ್ಲೇ ಒಂದು ಕಟ್ಟಳೆ ಇದೆ: ಕ್ಲಬ್ಬನ್ನು ಮಕ್ಕಳೇ ಶುರು ಮಾಡಬೇಕು, ಹೊರಗಿನವರು ಅದನ್ನು ನಡೆಸುವಂತಿಲ್ಲ, ಹತೋಟಿಯಲ್ಲಿಡುವಂತಿಲ್ಲ, ಸಭೆಗಳಿಗೆ ನಿಯಮಿತವಾಗಿ ಬಂದು ಕೂರುವಂತಿಲ್ಲ. ಮೊದಲು ಇದು ಅಡ್ಡಿ ಅನ್ನಿಸಿತು, ಈಗ ಒಳ್ಳೆಯದೇ ಅನ್ನಿಸುತ್ತಿದೆ. ಹಾರ, ಶಾಲು, ಫೋಟೋ, ಭಾಷಣದ ಸೇವೆಗೆ ಇಲ್ಲಿ ಎಡೆಯಿಲ್ಲ. ಗ್ರಂಥಾಲಯಕ್ಕೆ ಪುಸ್ತಕ, ವಿದ್ಯಾರ್ಥಿವೇತನ, ಬಸ್ಸಿನ ಖರ್ಚು ಕೊಟ್ಟು ದೂರ ನಿಲ್ಲಬೇಕು. ಇಲ್ಲವೇ ಶಾಲೆಯ ಹೊರಗೆ ಏನಾದರೂ ಮಾಡಬೇಕು. ಫ್ರೀಮಾಂಟ್ ಬಳಿಯ ಹೇವರ್ಡ್‌ನಲ್ಲಿ 1995ರಿಂದ ಈ ಮಕ್ಕಳಿಗಾಗಿಯೇ ‘ಪ್ರಾಮ್’ ನಡೆದುಬಂದಿದೆ. ಹೈಸ್ಕೂಲಿನ ಕೊನೆಯ ಆ ನೃತ್ಯದ ಸಂಜೆಗೆ ತನಗೆ ಇಷ್ಟವಾದವರ ಕೈ ಹಿಡಿದು ಹೋಗುವುದು ಮಿಕ್ಕ ಮಕ್ಕಳಿಗೆ ಕೇಳದೆಯೇ ಸಿಗುವ ಸುಖ.

*

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಎಲಿಜಬೆತ್ ಸೇವಿಕ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೆ. ಜಿಎಸ್‌ಎ ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ನಡೆದಿದ್ದ ಶಾಲೆಗಳಲ್ಲಿ ಸಲಿಂಗಿ ಮಕ್ಕಳಿಗೆ ಆತ್ಮಹತ್ಯೆಯ ಯೋಚನೆ ಬರುವುದು ಕಡಿಮೆಯಿತ್ತು. ಸಲಿಂಗಿಗಳಲ್ಲದ ಹುಡುಗರಲ್ಲೂ ಕಡಿಮೆಯಿತ್ತು! ಎಂದೂ ಆ ಕೋಣೆಗೆ ಕಾಲಿಡದ ಹುಡುಗನಿಗೆ ಅದರಿಂದ ಏನು ಸಿಕ್ಕಿತು? ಹುಡುಗ ಅಂದರೆ ಹೀಗೇ ಇರಬೇಕು ಎಂಬ ಅಣಕ ಅವನನ್ನೂ ಬಿಟ್ಟಿರುವುದಿಲ್ಲ. ಶಾಲೆಯಲ್ಲಿ ಆ ಅಣಕದ ಬಲ ಕುಗ್ಗಿದರೆ ಅವನೂ ಬದುಕಿಕೊಳ್ಳುತ್ತಾನೆ. ಇದು ನನ್ನ ಊಹೆ, ಆದರೆ ನಂಬಿ ಬರೆಯುತ್ತಿದ್ದೇನೆ.

*

ನಮ್ಮಲ್ಲಿ 2021ರಲ್ಲಿ ಎನ್‌ಸಿಇಆರ್‌ಟಿ ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗ್ಗೆ ಶಿಕ್ಷಕರಿಗಾಗಿ ಒಂದು ಕೈಪಿಡಿ ಸಿದ್ಧಪಡಿಸಿತು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಆಕ್ಷೇಪ ಎತ್ತಿತು, ಕೈಪಿಡಿ ಜಾಲತಾಣದಿಂದ ಮಾಯವಾಯಿತು. ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯು’ ಎಂಬ ಬೆಂಬಲ ಗುಂಪು 1994ರಲ್ಲೇ ಹುಟ್ಟಿತು, ಆದರೆ ಅದು ವಯಸ್ಕರದು. ಎಂಟನೇ ತರಗತಿಯಲ್ಲಿ ನಡಿಗೆಗೋ ದನಿಗೋ ದಿನವೂ ಅಡ್ಡಹೆಸರು ಕೇಳುವ ಹುಡುಗ ಹದಿನೆಂಟು ತುಂಬುವವರೆಗೆ ಎಲ್ಲಿ ಕೂತು ಬುತ್ತಿ ಬಿಚ್ಚಬೇಕು?

ರೋಟರಿ, ಲಯನ್ಸ್‌ನವರು ನಮ್ಮ ಶಾಲೆಗಳಿಗೆ ಬೆಂಚು ಕೊಟ್ಟಿದ್ದಾರೆ, ಶೌಚಾಲಯ ಕಟ್ಟಿಸಿದ್ದಾರೆ, ಕನ್ನಡಕ ಹಂಚಿದ್ದಾರೆ. ಎಷ್ಟೋ ಶಾಲೆಗಳಲ್ಲಿ ರೋಟರಿಯ ಇಂಟರಾಕ್ಟ್ ಕ್ಲಬ್ಬೂ ಇದೆ. ಮುಂದಿನ ಸಲ ಪದಗ್ರಹಣಕ್ಕೆ ಕರೆದರೆ ಅಧ್ಯಕ್ಷರನ್ನು ಕೇಳಬೇಕೆಂದಿದ್ದೇನೆ: ತಾಲ್ಲೂಕಿನ ಶಾಲೆಗಳಿಗೆಲ್ಲ ಸೇರಿ ಒಬ್ಬ ತರಬೇತಾದ ಆಪ್ತಸಮಾಲೋಚಕರ ಒಂದು ವರ್ಷದ ಸಂಬಳ ಕೊಡುತ್ತೀರಾ, ಹೆಸರಿನ ಫಲಕ ಹಾಕಿಸದೆ?